ಹೆಬ್ಬೆರಳಿಗೊಂದು ನೆಲೆ

ಬೀದರ್ ಜಿಲ್ಲೆಯ ಎಕಂಬಾದ ನಮ್ಮ ಮನೆಯ ಅಡುಗೆಕೋಣೆಗೆ ಕಿಟಕಿಯಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಮೊಳದಷ್ಟು ಅಗಲದ ಬಿಸಿಲು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಲೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಆಯಿ ಜೋಳದ ರೊಟ್ಟಿ ಬಡಿಯಲು ಕೂರುವುದೂ ಅದೇ ಹೊತ್ತಿಗೆ. ಹಿಟ್ಟು ಮೆತ್ತಿದ ಆ ಎರಡು ಕೈಗಳ ಚಿತ್ರ ನನಗೆ ಬೇಕಿತ್ತು. ಫ್ಲ್ಯಾಶ್ ಹೊಡೆದರೆ ಬೆಳಕಿಂಡಿಯ ಬೆಳಕೇ ಸತ್ತುಹೋಗುತ್ತದೆ. ಹಾಗಾಗಿ ಉಸಿರು ಬಿಗಿಹಿಡಿದು, ಸೆಕೆಂಡಿನ 1/15 ಭಾಗದ ವೇಗದಲ್ಲಿ, ಒಂದರ ಹಿಂದೆ ಒಂದು ಆರು ಚಿತ್ರ ತೆಗೆದೆ. ಆರೂ ಅಲ್ಲಾಡಿದ್ದವು. ಆಯಿಯ ಕೈ ಮಸುಕಾಗಿದ್ದರೆ ನನಗೆ ಬೇಸರವಿರಲಿಲ್ಲ, ಬಡಿಯುವ ಕೈ ಮಸುಕಾದರೇ ಚೆಂದ. ಆದರೆ ಹಿಂದಿನ ಗೂಡಿನಲ್ಲಿಟ್ಟ ಉಪ್ಪಿನ ಡಬ್ಬಿ, ಖಾರದ ಡಬ್ಬಿಗಳ ಅಂಚೂ ಎರಡೆರಡಾಗಿ ಕಾಣುತ್ತಿತ್ತು. ಡಬ್ಬಿ ಅಲ್ಲಾಡುವುದಿಲ್ಲ. ಅಲ್ಲಾಡಿದ್ದು ಕ್ಯಾಮೆರಾ.

ಬಾಗಿಲಲ್ಲಿ ನಿಂತಿದ್ದ ಕಾಕಾ ನನ್ನ ಕೈಯನ್ನೇ ನೋಡುತ್ತಿದ್ದರು. "ಕೈ ನಡಗಲತ್ತಿಲ್ಲೊ ತಮ್ಮಾ, ಹೆಬ್ಬಟ್ಟಿಗಿ ಜಾಗಾ ಇಲ್ಲ ಅದಕ್ಕ" ಅಂದರು.

ಅಲ್ಲಿಯವರೆಗೆ ಆ ಬೆರಳಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಚಿತ್ರ ತೆಗೆಯುವುದು ಕಣ್ಣು, ಗುಂಡಿ ಒತ್ತುವುದು ತೋರುಬೆರಳು, ಹೆಬ್ಬೆರಳು ಹಿಂದೆ ಎಲ್ಲೋ ಇರುತ್ತದೆ ಎಂದಷ್ಟೇ ತಿಳಿದಿದ್ದೆ. ಕಾಕಾ ಮಾತ್ರ ಸುಮ್ಮನೆ ಹೇಳಿದ್ದಲ್ಲ. ಹೈದರಾಬಾದಿನಿಂದ ಬಂದ ಒಂದು ಯಾಶಿಕಾ ಎಲೆಕ್ಟ್ರೊ 35 ಅವರ ಬಳಿ ಬಹಳ ವರ್ಷ ಇತ್ತು. 1966ರಲ್ಲಿ ಜಪಾನಿನಲ್ಲಿ ಹೊರಬಂದ ಈ ಮಾದರಿ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತದೆ. ಬೆಳಕು ಕಡಿಮೆಯಾಗಿ ಷಟರ್ ನಿಧಾನವಾಗುವಂತಿದ್ದರೆ ಮೇಲೆ ಹಳದಿ ದೀಪ ಹೊತ್ತುತ್ತದೆ. ಹಳದಿ ಹೊತ್ತಿದರೆ ಕಾಕಾ ಕ್ಯಾಮೆರಾ ಕೆಳಗಿಳಿಸುತ್ತಿರಲಿಲ್ಲ. ರೀಲು ಮುಂದೂಡುವ ಲಿವರನ್ನು ಅರ್ಧ ಬೆರಳಿನಷ್ಟು ಹೊರಗೆಳೆದು, ಅದಕ್ಕೂ ಕ್ಯಾಮೆರಾದ ಬೆನ್ನಿಗೂ ನಡುವಿನ ಸಂದಿಯಲ್ಲಿ ಹೆಬ್ಬೆರಳನ್ನು ಸಿಕ್ಕಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಕ್ಲಿಕ್ ಮಾಡುತ್ತಿದ್ದರು. ಭಾಲ್ಕಿಯ ಮದುವೆಗಳಲ್ಲಿ, ಔರಾದಿನ ಅಮರೇಶ್ವರ ಜಾತ್ರೆಯ ದನಗಳ ಸಾಲಿನಲ್ಲಿ ಸಂಜೆಗತ್ತಲಿಗೆ ತೆಗೆದ ಅವರ ಚಿತ್ರಗಳು ಇಂದಿಗೂ ಟ್ರಂಕಿನಲ್ಲಿವೆ. ದೇವಣಿ ಹೋರಿಯ ಹಣೆಗೆ ಹಚ್ಚಿದ ಭಂಡಾರದ ಕಣ ಎಣಿಸಬಹುದು, ಅಷ್ಟು ಸ್ಥಿರ.

ನನ್ನ ಕೈಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಫ್ಯೂಜಿಫಿಲ್ಮ್ ಎಕ್ಸ್100. 2011ರಲ್ಲಿ ಮಾರುಕಟ್ಟೆಗೆ ಬಂದ ಡಿಜಿಟಲ್ ಕ್ಯಾಮೆರಾ, ನೋಡಲು ಥೇಟ್ ಹಳೆಯ ರೇಂಜ್‌ಫೈಂಡರ್. ಯಾಶಿಕಾಗಿಂತ ಎಷ್ಟೋ ಹಗುರ. ಆದರೆ ಅದಕ್ಕೆ ರೀಲಿಲ್ಲ. ರೀಲಿಲ್ಲದ ಮೇಲೆ ಲಿವರೂ ಇಲ್ಲ. ಲಿವರಿಲ್ಲದ ಮೇಲೆ ಹೆಬ್ಬೆರಳಿಗೆ ಆನಿಕೆಯೂ ಇಲ್ಲ.

ಕಾಕಾ ಕಂಡದ್ದು ಅದನ್ನೇ. ಜಗತ್ತಿನಾದ್ಯಂತ ರೇಂಜ್‌ಫೈಂಡರ್ ಹಿಡಿಯುವವರು ಇದೇ ಕೊರತೆಯನ್ನು ಕಂಡುಕೊಂಡು, ಅದಕ್ಕೆ ಒಂದು ಸಣ್ಣ ಲೋಹದ ತುಣುಕನ್ನು ಉತ್ತರವಾಗಿ ಮಾಡಿಕೊಂಡಿದ್ದಾರೆ. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಗಾಡಿಗೆ (ಹಾಟ್ ಶೂ) ಇದರ ಪಾದ ಜಾರಿಸಿದರೆ, ಅಲ್ಲಿಂದ ಬಲಕ್ಕೆ ಚಾಚಿ ಹಿಂಬದಿಗೆ ಬಾಗಿದ ಕೊಕ್ಕೆಯೊಂದು ಹೆಬ್ಬೆರಳಿನ ಪಕ್ಕಕ್ಕೆ ಸರಿಯಾಗಿ ಬಂದು ಕೂರುತ್ತದೆ. ಥಂಬ್ ಗ್ರಿಪ್, ಥಂಬ್ ರೆಸ್ಟ್ ಎಂದೆಲ್ಲ ಕರೆಯುತ್ತಾರೆ. ಹೆಬ್ಬೆರಳಾನಿಕೆ ಎಂದರೆ ನಮಗೆ ಸಾಕು. ಕಿರುಬೆರಳಿನಷ್ಟು ಉದ್ದದ ಈ ವಸ್ತುವಿನ ಬಗ್ಗೆ ಇಷ್ಟೆಲ್ಲ ಬರೆಯಬೇಕೇ ಎಂದರೆ, ಬರೆಯಬೇಕು. ಕೈಗೂ ಯಂತ್ರಕ್ಕೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಇನ್ನೊಂದು ಸಣ್ಣ ವಸ್ತುವನ್ನು ನಾನು ಕಂಡಿಲ್ಲ.

ರೇಂಜ್‌ಫೈಂಡರ್ ಎಂದರೇನು ಎಂಬುದನ್ನೂ ಹೆಬ್ಬೆರಳಿನಿಂದಲೇ ಹೇಳಬಹುದು. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ದೊಡ್ಡದು, ದೂರವಾದಷ್ಟೂ ಚಿಕ್ಕದು. ಈ ಜಿಗಿತವನ್ನು ಅಳೆದರೆ ದೂರ ಸಿಕ್ಕಂತೆಯೇ. ರೇಂಜ್‌ಫೈಂಡರ್ ಕ್ಯಾಮೆರಾದ ಮುಂಭಾಗದಲ್ಲಿ ಎರಡು ಪುಟ್ಟ ಕಿಂಡಿಗಳಿರುತ್ತವೆ, ಎರಡು ಕಣ್ಣಿದ್ದ ಹಾಗೆ. ಒಂದರಿಂದ ಬಂದ ಬಿಂಬದ ಮೇಲೆ ಇನ್ನೊಂದರ ಬಿಂಬ ಬಂದು ಬೀಳುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಎರಡು ಬಿಂಬ ಹತ್ತಿರ ಸರಿದು, ಒಂದರೊಳಗೊಂದು ಕೂತು ಒಂದೇ ಆದಾಗ ಫೋಕಸ್ ಆಯಿತು ಎಂದರ್ಥ. ಜರ್ಮನಿಯ ಲೈಕಾ ಕಂಪನಿಯ ಎಂ ಮಾದರಿಗಳಲ್ಲಿ ಈ ಎರಡು ಕಿಂಡಿಗಳ ನಡುವಿನ ಅಂತರ ಸುಮಾರು 69 ಮಿಲಿಮೀಟರ್, ನಮ್ಮ ಕಣ್ಣುಗಳ ನಡುವಿನ ಅಂತರಕ್ಕಿಂತ ತುಸುವೇ ಹೆಚ್ಚು. ಎಕ್ಸ್100ನಲ್ಲಿ ಈ ಯಂತ್ರವಿಲ್ಲ, ಅದು ರೂಪದಲ್ಲಷ್ಟೇ ರೇಂಜ್‌ಫೈಂಡರ್. ಹಿಡಿಯುವ ವಿಷಯಕ್ಕೆ ಬಂದರೆ ಎರಡಕ್ಕೂ ಒಂದೇ ಕಷ್ಟ.

ಕಷ್ಟ ಆಕಾರದ್ದು. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಈಚಿನವಕ್ಕೆ ಬಲಗಡೆ ಉಬ್ಬಿದ ಹಿಡಿ ಇರುತ್ತದೆ, ನಾಲ್ಕು ಬೆರಳು ಸುತ್ತಿ ಹಿಡಿಯಬಹುದು. ರೇಂಜ್‌ಫೈಂಡರ್ ಹಾಗಲ್ಲ. ದುಂಡನೆಯ ತುದಿಗಳ, ಚಪ್ಪಟೆ ಬೆನ್ನಿನ, ಸೋಪಿನ ಬಿಲ್ಲೆಯಂಥ ಮೈ. ಅಂಗಿಯ ಜೇಬಿನಿಂದ ಸರಕ್ಕನೆ ತೆಗೆಯಲು, ಯಾರ ಗಮನಕ್ಕೂ ಬಾರದಂತೆ ಕಣ್ಣಿಗೆ ಹಿಡಿಯಲು ಅದು ಹೇಳಿಮಾಡಿಸಿದ ರೂಪ. ಬೆವರಿದ ಕೈಯಲ್ಲಿ ಹಿಡಿದು ನಡೆಯಲು ಅಲ್ಲ. ಜಾತ್ರೆಯ ನೂಕುನುಗ್ಗಲಿನಲ್ಲಿ ನನ್ನ ಎಕ್ಸ್100 ಒಮ್ಮೆ ಕೈಜಾರಿ, ಕೊರಳಪಟ್ಟಿ ಇಲ್ಲದ ಕಾರಣ ಸೀದಾ ನೆಲಕ್ಕೆ ಬಿತ್ತು. ಎರೆಮಣ್ಣಿನ ಮೆತ್ತನೆಯ ದೂಳು ಅದನ್ನು ಉಳಿಸಿತು. ಮೂಲೆಯಲ್ಲಿ ಈಗಲೂ ಒಂದು ತಗ್ಗಿದೆ.

ಚರಿತ್ರೆ ನೋಡಿದರೆ, ಕ್ಯಾಮೆರಾ ಸ್ಟ್ಯಾಂಡಿನಿಂದ ಇಳಿದು ಕೈಗೆ ಬಂದದ್ದೇ ಈಚೆಗೆ. ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ (1844–1905) ಅವರ ಕಾಲದಲ್ಲಿ ಕ್ಯಾಮೆರಾ ಎಂದರೆ ಹೆಚ್ಚಾಗಿ ಮರದ ಪೆಟ್ಟಿಗೆ, ಗಾಜಿನ ಪ್ಲೇಟು, ಮೂರು ಕಾಲಿನ ಸ್ಟ್ಯಾಂಡು. ನಡುಗುವ ಮಾತೇ ಇಲ್ಲ, ಭಾರವೆಲ್ಲ ನೆಲದ ಮೇಲೆ. ಜರ್ಮನಿಯ ಓಸ್ಕರ್ ಬಾರ್ನಾಕ್ ಸಿನಿಮಾ ರೀಲನ್ನೇ ಬಳಸುವ ಅಂಗೈಯಗಲದ ಕ್ಯಾಮೆರಾ ಮಾಡಿ, ಅದು 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಮೇಲೆ ಸ್ಟ್ಯಾಂಡಿನ ಕೆಲಸ ಕೈಯ ಪಾಲಿಗೆ ಬಂತು. 1932ರ ಲೈಕಾ ಎರಡನೇ ಮಾದರಿಗೆ ಲೆನ್ಸಿನೊಂದಿಗೆ ಕೂಡಿಕೊಂಡ ರೇಂಜ್‌ಫೈಂಡರ್ ಸೇರಿತು. ಆಗೆಲ್ಲ ರೀಲು ಮುಂದೂಡಲು ತಿರುಗಿಸುವ ಗುಬ್ಬಿ ಇತ್ತು. 1954ರಲ್ಲಿ ಲೈಕಾ ಎಂ3 ಬಂತು, ಗುಬ್ಬಿಯ ಜಾಗಕ್ಕೆ ಹೆಬ್ಬೆರಳಿನಿಂದ ತಳ್ಳುವ ಲಿವರ್ ಬಂತು.

ಆ ಲಿವರನ್ನು ಮಾಡಿದ್ದು ರೀಲು ಬೇಗ ಮುಂದೂಡಲೆಂದು. ಹಿಡಿಯಲು ಅನುಕೂಲವಾಗಲಿ ಎಂದಲ್ಲ. ಆದರೂ ಕೈ ತನಗೆ ಬೇಕಾದದ್ದನ್ನು ತಾನೇ ಹುಡುಕಿಕೊಂಡಿತು. ಕೂರಿಗೆಯ ಹಿಂದೆ ನಡೆಯುವ ನಮ್ಮೂರಿನ ಹೆಣ್ಣುಮಕ್ಕಳಿಗೆ ಬಟ್ಟಲಿನ ಅಂಚಿನ ಮೇಲೆ ಮಣಿಕಟ್ಟು ಎಲ್ಲಿ ಆನಿಸಬೇಕೆಂದು ಯಾರೂ ಕಲಿಸುವುದಿಲ್ಲ. ನಾಲ್ಕು ಸಾಲು ಬಿತ್ತುವಷ್ಟರಲ್ಲಿ ಕೈಗೆ ತಾನಾಗಿ ಗೊತ್ತಾಗುತ್ತದೆ. ಲಿವರಿನದೂ ಹಾಗೆಯೇ ಆಯಿತು. ಕಾಕಾಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪ್ಯಾರಿಸ್ಸಿನ ಬೀದಿಯಲ್ಲಿ ನಿಂತ ಛಾಯಾಗ್ರಾಹಕನಿಗೂ ಹೇಳಿಕೊಟ್ಟಿರಲಿಕ್ಕಿಲ್ಲ. ಅರ್ಧ ಶತಮಾನ ಲಿವರು ತನ್ನದಲ್ಲದ ಈ ಎರಡನೇ ಕೆಲಸವನ್ನು ಮಾಡಿತು. ಅದು ಮಾಡುತ್ತಿದೆ ಎಂಬುದು ಯಾರಿಗೂ ತಿಳಿಯದಷ್ಟು ಚೆನ್ನಾಗಿ ಮಾಡಿತು.

2004ರಲ್ಲಿ ಎಪ್ಸನ್ ಕಂಪನಿ ಆರ್-ಡಿ1 ಎಂಬ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ತಂದಾಗ ಅದರಲ್ಲಿ ರೀಲಿಲ್ಲದಿದ್ದರೂ ಲಿವರ್ ಇತ್ತು. ಪ್ರತಿ ಚಿತ್ರಕ್ಕೂ ಮುನ್ನ ಅದನ್ನೆಳೆದು ಷಟರ್ ಸಜ್ಜು ಮಾಡಬೇಕಿತ್ತು. 2006ರಲ್ಲಿ ಲೈಕಾದ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಂ8 ಬಂತು. ಷಟರ್ ಸಜ್ಜು ಮಾಡುವ ಕೆಲಸವನ್ನು ಮೋಟರು ವಹಿಸಿಕೊಂಡಿತು, ಲಿವರು ಹೋಯಿತು. ಬೆನ್ನು ಪೂರ್ತಿ ನುಣುಪು, ಅಲ್ಲೊಂದು ಪರದೆ. ಅಂಥ ದುಬಾರಿ ಕ್ಯಾಮೆರಾ ಕೈಗೆ ತೆಗೆದುಕೊಂಡವರಿಗೆ ಏನೋ ಇಲ್ಲ ಅನ್ನಿಸಿತು. ಹೆಬ್ಬೆರಳು ಹಳೆಯ ಅಭ್ಯಾಸದಿಂದ ಮೇಲಿನ ಮೂಲೆಗೆ ಹೋಗುತ್ತದೆ, ಅಲ್ಲಿ ಏನೂ ಇಲ್ಲದೆ ಕೆಳಕ್ಕೆ ಜಾರುತ್ತದೆ.

ಈ ಖಾಲಿ ಜಾಗವನ್ನು ತುಂಬಿದವರಲ್ಲಿ ಹೆಸರಾದವರು ಟಿಮ್ ಐಸಾಕ್. ಮ್ಯಾಚ್ ಟೆಕ್ನಿಕಲ್ ಎಂಬ ತಮ್ಮ ಸಣ್ಣ ಸಂಸ್ಥೆಯಿಂದ 'ಥಂಬ್ಸ್ ಅಪ್' ಎಂಬ ಹೆಸರಿನಲ್ಲಿ ಲೋಹದ ಆನಿಕೆಯೊಂದನ್ನು ಮಾಡಿ ಮಾರತೊಡಗಿದರು. ಅದು ಎಷ್ಟು ಬೇಗ ಹಬ್ಬಿತೆಂದರೆ, ಈ ಬಗೆಯ ಆನಿಕೆಗಳಿಗೆಲ್ಲ ಕೆಲವರು ಇಂದಿಗೂ ಅದೇ ಹೆಸರು ಹೇಳುತ್ತಾರೆ. ಆಮೇಲೆ ಫ್ಯೂಜಿ ಮುಂತಾದ ಕ್ಯಾಮೆರಾಗಳಿಗೂ ಬೇರೆ ಬೇರೆ ತಯಾರಕರು ಮಾಡಿದರು. ಕಂಪನಿಗಳೂ ಕಣ್ಣು ತೆರೆದವು. ಲೈಕಾದ 2015ರ ಕ್ಯೂ ಮಾದರಿಯ ಬೆನ್ನಿನಲ್ಲಿ ಹೆಬ್ಬೆರಳಿಗೆಂದೇ ಒಂದು ತಗ್ಗು ಕೊರೆದಿದ್ದಾರೆ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು 2018ರ ಎಂ10-ಡಿ. ಡಿಜಿಟಲ್ ಕ್ಯಾಮೆರಾ, ಹಿಂದೆ ಪರದೆ ಇಲ್ಲ, ಆದರೆ ಮೇಲಿನ ಮೂಲೆಯಲ್ಲಿ ಹಳೆಯ ರೀಲು ಲಿವರಿನಂತೆಯೇ ಕಾಣುವ ಒಂದು ತುಣುಕು. ಎಳೆದರೆ ಹೊರಬರುತ್ತದೆ. ಏನನ್ನೂ ತಿರುಗಿಸುವುದಿಲ್ಲ, ಏನನ್ನೂ ಮುಂದೂಡುವುದಿಲ್ಲ. ಹೆಬ್ಬೆರಳು ಅದರ ಸಂದಿಯಲ್ಲಿ ಕೂರುತ್ತದೆ, ಅಷ್ಟೇ. ಅರ್ಧ ಶತಮಾನ ಲಿವರು ಮಾಡಿದ್ದ ಎರಡನೇ ಕೆಲಸವೇ ಇಲ್ಲಿ ಮೊದಲನೆಯದೂ ಏಕಮಾತ್ರವೂ ಆಯಿತು.

ಇಷ್ಟು ಸಣ್ಣ ಆಸರೆಯಿಂದ ಚಿತ್ರಕ್ಕೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 35 ಎಂಎಂ ರೀಲಿನ ಚಿತ್ರದಲ್ಲಿ 0.03 ಮಿಲಿಮೀಟರಿಗಿಂತ ಹೆಚ್ಚು ಮಸುಕಾದರೆ ಕಣ್ಣಿಗೆ ತಿಳಿಯುತ್ತದೆ ಎಂಬುದು ಹಳೆಯ ಅಳತೆ. 50 ಎಂಎಂ ಲೆನ್ಸು ಹಾಕಿದ ಕ್ಯಾಮೆರಾ, ಷಟರ್ ತೆರೆದಿರುವಷ್ಟರಲ್ಲಿ ಒಂದು ಡಿಗ್ರಿಯ ಮೂವತ್ತನೇ ಒಂದು ಭಾಗ ತಿರುಗಿದರೆ ಸಾಕು, ಅಷ್ಟು ಮಸುಕು ಬರುತ್ತದೆ. ಎಂ3ಯ ಅಗಲ 138 ಮಿಲಿಮೀಟರ್. ಎಡತುದಿ ಸ್ಥಿರವಾಗಿದ್ದು ಬಲತುದಿ ಮಾತ್ರ ಹಿಂದಕ್ಕೆ ಜರುಗಿತು ಎಂದುಕೊಂಡರೆ, ಆ ಜರುಗುವಿಕೆ 0.08 ಮಿಲಿಮೀಟರ್. ದಿನಪತ್ರಿಕೆಯ ಹಾಳೆಯ ದಪ್ಪಕ್ಕೆ ಹೆಚ್ಚುಕಡಿಮೆ ಸಮ. ಗುಂಡಿ ಒತ್ತುವ ಬೆರಳು ಅಷ್ಟು ತಳ್ಳದೇ ಇರುತ್ತದೆಯೇ?

ಅದಕ್ಕೇ 50 ಎಂಎಂ ಲೆನ್ಸಿಗೆ ಸೆಕೆಂಡಿನ 1/50ಕ್ಕಿಂತ ನಿಧಾನ ಬೇಡ ಎಂದು ಹಳಬರು ಹೇಳುತ್ತ ಬಂದದ್ದು. ಆ ಮಾತು ಕೈಯ ಬಗ್ಗೆ ಹೇಳಿದ್ದು, ಲೆನ್ಸಿನ ಬಗ್ಗೆ ಅಲ್ಲ. ಕೈ ಗಟ್ಟಿಯಾದರೆ ಮಿತಿ ಕೆಳಕ್ಕೆ ಹೋಗುತ್ತದೆ.

ಆನಿಕೆಯಿಲ್ಲದ ರೇಂಜ್‌ಫೈಂಡರನ್ನು ಹಿಡಿಯುವಾಗ ಬಲಗೈಯ ಮೂರು ಬೆರಳು ಮುಂದೆ, ಹೆಬ್ಬೆರಳು ಹಿಂದೆ ನಿಂತು ಇಕ್ಕಳದಂತೆ ಮೈಯನ್ನು ಒತ್ತಿಹಿಡಿಯಬೇಕು. ಹಿಡಿತ ಬರೀ ಒತ್ತಡದಿಂದ ಹುಟ್ಟುವಂಥದ್ದು. ಒತ್ತಿ ಹಿಡಿದ ಸ್ನಾಯು ಹೊತ್ತು ಹೋದಂತೆ ನಡುಗುತ್ತದೆ. ಜೊತೆಗೆ ತೋರುಬೆರಳು, ಭಾರ ಹೊರುವುದರಲ್ಲೂ ಪಾಲು ತೆಗೆದುಕೊಂಡು ಗುಂಡಿಯನ್ನೂ ಒತ್ತಬೇಕಾದಾಗ, ಒತ್ತುವ ಕ್ಷಣದಲ್ಲೇ ಭಾರ ಅತ್ತಿತ್ತ ಹಂಚಿಹೋಗಿ ಕ್ಯಾಮೆರಾ ಕುಲುಕುತ್ತದೆ. ಆನಿಕೆ ಬಂದಾಗ ಹೆಬ್ಬೆರಳಿನ ಪಕ್ಕ ಕೊಕ್ಕೆಗೆ ಒರಗುತ್ತದೆ. ಮುಂದಿನಿಂದ ನಡುಬೆರಳು ತನ್ನ ಕಡೆಗೆ ಎಳೆಯುತ್ತದೆ, ಹಿಂದಿನಿಂದ ಹೆಬ್ಬೆರಳು ತಡೆಯುತ್ತದೆ. ಹಿಡಿತ ಒತ್ತಡದಿಂದ ಹೋಗಿ ತೊಡಕಿಗೆ ಬರುತ್ತದೆ. ಗಿಣ್ಣಿಗೆ ಚೀಲ ತೂಗುಹಾಕಿಕೊಂಡು ನಡೆದಂತೆ ಬೆರಳು ಬಿಗಿಯಬೇಕಾದ್ದೇ ಇಲ್ಲ. ತೋರುಬೆರಳು ಪೂರ್ತಿ ಬಿಡುವಾಗಿ, ಗುಂಡಿಯ ಮೇಲೆ ಬರೀ ತನ್ನ ತೂಕವಿಟ್ಟು ಕಾಯುತ್ತದೆ.

ಭಾರದ ಲೆನ್ಸು ಇದ್ದಾಗ ಇದು ಇನ್ನೂ ಸ್ಪಷ್ಟ. ಲೈಕಾ ಎಂ9ರ ತೂಕ 585 ಗ್ರಾಂ. ಅದಕ್ಕೆ 700 ಗ್ರಾಮಿನ ನಾಕ್ಟಿಲಕ್ಸ್ ಲೆನ್ಸು ಹಾಕಿದರೆ ಮುಂದಿನ ಭಾರವೇ ಹೆಚ್ಚಾಗಿ ಕ್ಯಾಮೆರಾ ಮೂಗು ತಗ್ಗಿಸುತ್ತದೆ. ಎಡಗೈ ಲೆನ್ಸಿನ ಅಡಿ ಕೊಟ್ಟರೂ ಬಲಗೈ ಸುಮ್ಮನಿರುವಂತಿಲ್ಲ.

ಹೆಬ್ಬೆರಳಿಗೆಂದೇ ಒಂದು ಸಾಧನ ಮಾಡಿಕೊಳ್ಳುವುದು ಈ ನೆಲಕ್ಕೆ ಹೊಸದೂ ಅಲ್ಲ. ತುರ್ಕಿ, ಪಾರಸಿ, ಮೊಗಲ್ ಬಿಲ್ಲುಗಾರರು ಬಿಲ್ಲಿನ ಹೆದೆಯನ್ನು ಹೆಬ್ಬೆರಳಿನಿಂದ ಎಳೆಯುತ್ತಿದ್ದರು, ಹೆದೆ ಚರ್ಮ ಕೊಯ್ಯದಂತೆ ಆ ಬೆರಳಿಗೆ ಹಸಿರುಕಲ್ಲಿನದೋ ಕೊಂಬಿನದೋ ಉಂಗುರ ತೊಡುತ್ತಿದ್ದರು. ಪಾರಸಿಯಲ್ಲಿ ಅದಕ್ಕೆ ಜಿಹ್‌ಗೀರ್, ಹೆದೆ ಹಿಡಿಯುವುದು ಎಂಬ ಹೆಸರು. ಕುಶಲತೆಯೆಲ್ಲ ಹೆಬ್ಬೆರಳಿನಲ್ಲಿದೆ ಎಂಬುದು ಗೊತ್ತಿದ್ದುದರಿಂದಲೇ ಅಲ್ಲವೇ ದ್ರೋಣ ಏಕಲವ್ಯನಲ್ಲಿ ಬೇರೇನನ್ನೂ ಕೇಳದೆ ಅದೊಂದನ್ನೇ ಕೇಳಿದ್ದು.

ಕಂಪನಿಯ ಆನಿಕೆಗೆ ಸಾವಿರಾರು ರೂಪಾಯಿ. ನನ್ನ ಕ್ಯಾಮೆರಾವನ್ನೇ ನಾನು ಹಳೆಯದಾಗಿ ಕೊಂಡವನು. ಕಾಕಾ ಮತ್ತು ನಾನು ಕೂತು ಒಂದನ್ನು ನಾವೇ ಮಾಡಿಕೊಂಡೆವು.

ಮನೆಯಲ್ಲಿ ಕೆಟ್ಟುಹೋದ ಒಂದು ಫ್ಲ್ಯಾಶ್ ಇತ್ತು. ಅದರ ಪ್ಲಾಸ್ಟಿಕ್ ಪಾದವನ್ನು ಬಿಚ್ಚಿ ತೆಗೆದೆವು. ಕ್ಯಾಮೆರಾಗಳ ತಲೆಯ ಮೇಲಿನ ಗಾಡಿಯ ಅಳತೆ ಹೆಚ್ಚಿನ ಕಂಪನಿಗಳಲ್ಲಿ ಒಂದೇ, ಸುಮಾರು ಹದಿನೆಂಟೂವರೆ ಮಿಲಿಮೀಟರ್ ಅಗಲ. ಹಾಗಾಗಿ ಹೆಚ್ಚಿನ ಫ್ಲ್ಯಾಶುಗಳ ಪಾದ ಕೂರುತ್ತದೆ. ಪ್ಲಾಸ್ಟಿಕ್ಕೇ ಒಳ್ಳೆಯದು, ಗಾಡಿಯ ನಡುವಿನ ವಿದ್ಯುತ್ ಬಿಂದುವಿಗೆ ಲೋಹ ತಾಗುವ ಭಯವಿಲ್ಲ. ಮೊದಲ ಸಲ ನಾನು ಅವಸರ ಮಾಡಿದೆ. ನೀರಿನ ಪೈಪು ಸೋರಿದರೆ ಮೆತ್ತುತ್ತಾರಲ್ಲ, ಆ ಎಂ-ಸೀಲ್ ತಂದು, ಎರಡು ಬಣ್ಣದ ಮುದ್ದೆ ಒಂದೇ ಬಣ್ಣವಾಗುವ ತನಕ ನಾದಿ, ಪಾದದಿಂದ ಬಲಕ್ಕೆ ಬಾಲದ ಹಾಗೆ ಎಳೆದು ಒಣಗಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಎರಡನೇ ದಿನ ಬಸ್ಸು ಹತ್ತುವಾಗ ಲಟಕ್ಕೆಂದು ಮುರಿಯಿತು.

ಮುರಿಯಲೇಬೇಕಿತ್ತು. ಗಾಡಿ ಇರುವುದು ಕ್ಯಾಮೆರಾದ ನಡುಮಧ್ಯ, ಲೆನ್ಸಿನ ನೇರಕ್ಕೆ. ಹೆಬ್ಬೆರಳು ಇರುವುದು ಬಲಮೂಲೆಯಲ್ಲಿ. ನಡುವೆ ನಾಲ್ಕು ಸೆಂಟಿಮೀಟರು. ತುದಿಯಲ್ಲಿ ಬಿದ್ದ ಭಾರ ಆ ನಾಲ್ಕು ಸೆಂಟಿಮೀಟರಿನ ತೋಳನ್ನು ಬುಡದಲ್ಲಿ ಮೀಟುತ್ತದೆ. ಕಾಕಾ ಔರಾದಿಗೆ ಹೋದಾಗ ಲೇತ್ ಅಂಗಡಿಯಿಂದ ಹಿತ್ತಾಳೆಯ ಒಂದು ಪಟ್ಟಿ ತಂದರು, ಎರಡು ಮಿಲಿಮೀಟರ್ ದಪ್ಪ, ಕಿರುಬೆರಳಿನ ಅಗಲ. ಅದನ್ನು ಕಾಗದದ ಮೇಲೆ ಬರೆದ ಗೆರೆಯಂತೆ ಎರಡು ಕಡೆ ಬಗ್ಗಿಸಿ, ಅರದಿಂದ ಅಂಚು ತಿಕ್ಕಿ, ಎರಡು ತೂತು ಕೊರೆದು ಪಾದಕ್ಕೆ ಸ್ಕ್ರೂ ಹಾಕಿದೆವು. ಷಟರ್ ವೇಗದ ಚಕ್ರ ತಿರುಗಿಸಲು ಅಡ್ಡಿಯಾಗುತ್ತದೆಂದು ಬಿಚ್ಚಿ ಮತ್ತೆ ಬಗ್ಗಿಸಿದೆವು, ಮೂರು ಸಲ. ಪಾದ ಗಾಡಿಯಲ್ಲಿ ಸಡಿಲವಾಗಿ ಅಲ್ಲಾಡುತ್ತಿತ್ತು. ಅಡಿಗೆ ಮಡಚಿದ ಒಂದು ಹಾಳೆ ತುರುಕಿದ ಮೇಲೆ ಬಿಗಿಯಾಯಿತು.

ಕೊನೆಗೆ ತುದಿಗೆ ಮಾತ್ರ ಒಂದಿಷ್ಟು ಎಂ-ಸೀಲ್. ಕ್ಯಾಮೆರಾದ ಮೈಗೆ ಅಂಟದಿರಲೆಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೆವು. ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ, ಚಿತ್ರ ತೆಗೆಯುವ ಹಾಗೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಆ ಮೆತ್ತನೆಯ ಮುದ್ದೆಗೆ ಬೆರಳು ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲಿ ಒತ್ತಿದೆ. ಬೆಳಗಾಗುವಷ್ಟರಲ್ಲಿ ಕಲ್ಲಾಗಿತ್ತು. ಬಿಸಿಲಿಗೆ ಹಿಡಿದರೆ ತಗ್ಗಿನೊಳಗೆ ನನ್ನ ಹೆಬ್ಬೆರಳಿನ ಸುಳಿ, ಗೆರೆ ಗೆರೆಯಾಗಿ. ಆಯಿ ಅದನ್ನು ತಿರುತಿರುಗಿಸಿ ನೋಡಿದಳು. ಹೊಲದ ಕಾಗದಕ್ಕೆ ಮುತ್ಯಾ ಒತ್ತಿದ ಹೆಬ್ಬೆಟ್ಟಿನ ಗುರುತು ಅವಳ ಪೆಟ್ಟಿಗೆಯಲ್ಲಿ ಇನ್ನೂ ಇದೆ, ನೀಲಿ ಮಸಿಯದು. ಅವರ ಬೆರಳ ಸುಳಿಯೂ ಎಡಕ್ಕೇ ತಿರುಗಿದ್ದು ಅಂದಳು. ಕಾಗದ ತೆಗೆದು ಪಕ್ಕದಲ್ಲಿಟ್ಟು ನೋಡಿದೆವು. ಎಷ್ಟೋ ಹೊತ್ತು ಕೂತಿದ್ದೆವು.

ಇದನ್ನು ಸಿಕ್ಕಿಸಿಕೊಂಡು ನಾನು ಮೊದಲು ಹೋದದ್ದು ಬೀದರಿಗೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಹಾಕಲು ಮುಂಚೆ ಅನುಮತಿ ಬೇಕು. ಕೈಯನ್ನೇ ನಂಬಬೇಕು. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಹೊರಮೈಯ ಬಣ್ಣದ ಹೆಂಚುಗಳಿಗೆ ಬಿಸಿಲು ಧಾರಾಳ, ಅಲ್ಲಿ ಆನಿಕೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಪರೀಕ್ಷೆ ಆದದ್ದು ಪಕ್ಕದ ಅಷ್ಟೂರಿನಲ್ಲಿ. ಲಿಂಗಾಯತರೂ ಮುಸ್ಲಿಮರೂ ಕೂಡಿ ನಡೆದುಕೊಳ್ಳುವ ಅಹ್ಮದ್ ಶಾ ವಲಿಯ ಗೋರಿಯೊಳಗೆ ಹೊಕ್ಕರೆ ಮೊದಲು ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ತಲೆಯ ಮೇಲಿನ ಗುಮ್ಮಟದಿಂದ ಚಿನ್ನದ ಬಣ್ಣ, ಕೆಂಪು ಬಣ್ಣ ಒಂದೊಂದಾಗಿ ಇಳಿದುಬರುತ್ತವೆ. ಹೆಚ್ಚುಕಡಿಮೆ ಆರು ಶತಮಾನದ ಹಿಂದಿನ ಚಿತ್ತಾರ. ಗೋಡೆಗೆ ಬೆನ್ನು ಕೊಟ್ಟು, ಲೆನ್ಸು ಪೂರ್ತಿ ತೆರೆದು, 1/15ರಲ್ಲಿ ಹತ್ತು ಚಿತ್ರ ತೆಗೆದೆ. ಏಳು ಗಟ್ಟಿ ಬಂದವು. ಅಡುಗೆಕೋಣೆಯಲ್ಲಿ ಆರಕ್ಕೆ ಒಂದೂ ಇರಲಿಲ್ಲ. ಗೋಡೆಯ ಆಸರೆಯ ಪಾಲೂ ಇದರಲ್ಲಿದೆ, ಎಲ್ಲವನ್ನೂ ಹಿತ್ತಾಳೆಯ ತುಂಡಿನ ಲೆಕ್ಕಕ್ಕೆ ಬರೆಯಲಾರೆ. ಆದರೂ ಈಗ ನಾನು ಒಂದು ಸ್ಟಾಪಿನಷ್ಟು ಕಡಿಮೆ ಬೆಳಕಿಗೆ ಧೈರ್ಯವಾಗಿ ಹೋಗುತ್ತೇನೆ. ಅರ್ಧದಷ್ಟು ಬೆಳಕಿನಲ್ಲಿ ಅದೇ ಚಿತ್ರ ಎಂದರೆ ಸಣ್ಣ ಮಾತಲ್ಲ.

ಅಲ್ಲಿಂದ ಹಳೆಯ ಪೇಟೆಯ ಬಿದರಿ ಕೆಲಸದವರ ಗಲ್ಲಿಗೆ ಹೋದೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಹೊರಗಿನವರಿಗೂ ಈ ಕಲೆಯ ಹೆಸರು ಗೊತ್ತು. ನಾನು ಕೂತಿದ್ದ ಅಂಗಡಿಯಲ್ಲಿ ಒಬ್ಬರು ಮೈಲುತುತ್ತ ಉಜ್ಜಿ ಕಪ್ಪಾಗಿಸಿದ ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೊರೆಯುತ್ತಿದ್ದರು. ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸುವಾಗ ಎಡಗೈ ಹೆಬ್ಬೆರಳಿನ ಉಗುರು ತಂತಿಯ ಮುಂದೆ ಮುಂದೆ ಸರಿಯುತ್ತದೆ, ಬಲಗೈಯ ಸುತ್ತಿಗೆ ಅದರ ಹಿಂದೆ ಹಿಂದೆ ಬರುತ್ತದೆ. ಉಗುರಿನ ಅಂಚು ಸವೆದು ಚಪ್ಪಟೆಯಾಗಿತ್ತು. ನನ್ನ ಆನಿಕೆಯನ್ನು ಅವರ ಕೈಗೆ ಕೊಟ್ಟು, ಇಂಥದ್ದನ್ನು ಬಿದರಿಯಲ್ಲಿ ಮಾಡಬಹುದೇ ಎಂದು ಕೇಳಿದೆ.

"ಇಷ್ಟ್ ತೆಳ್ಳಗ ಎರಕಾ ಹಾಕಿದ್ರ ಮುರೀತದ್ರಿ" ಅಂದರು. ಅವರ ಮಾತು ಸರಿ. ಬಿದರಿಯ ಲೋಹದಲ್ಲಿ ಒಂದು ಪಾಲು ತಾಮ್ರಕ್ಕೆ ಸುಮಾರು ಹದಿನಾರು ಪಾಲು ಸತು. ಎರಕದ ಸತು ಬಾಗುವುದಿಲ್ಲ, ಒಡೆಯುತ್ತದೆ. ನನ್ನ ಎಂ-ಸೀಲ್ ಬಾಲಕ್ಕೆ ಆದ ಗತಿಯೇ. ಸ್ವಲ್ಪ ಹೊತ್ತು ಬಿಟ್ಟು ಅವರೇ ದಾರಿಯನ್ನೂ ಹೇಳಿದರು: ತೋಳು ಹಿತ್ತಾಳೆಯದೇ ಇರಲಿ, ಬೆರಳು ಆನುವ ತುದಿಗೆ ಮಾತ್ರ ಅಂಗಿ ಗುಂಡಿಯಷ್ಟು ದೊಡ್ಡ ಬಿದರಿ ಬಿಲ್ಲೆ ಕೂರಿಸಿದರೆ ಆಗುತ್ತದೆ. ಕೋಟೆಯ ಹಳೆಯ ಮಣ್ಣು, ನವಸಾಗರ ಹಾಕಿ ಕಾಯಿಸಿದ ನೀರಿನಲ್ಲಿ ಬಂದ ಕಪ್ಪನ್ನು ಕೊನೆಗೆ ಎಣ್ಣೆ ಸವರಿ ಗಾಢ ಮಾಡುತ್ತಾರೆ. ದಿನವೂ ಹೆಬ್ಬೆರಳಿನ ಜಿಡ್ಡು ತಾಗಿದರೆ ಆ ಕಪ್ಪು ಹೇಗೆ ಹೊಳೆದೀತು ಎಂದು ನಾನು ಯೋಚಿಸುತ್ತಲೇ ಇದ್ದೇನೆ. ಬೀದರಿನ ಮಣ್ಣಿನಲ್ಲಿ ಕಪ್ಪಾದ ಒಂದು ಬಿಲ್ಲೆ ಜರ್ಮನಿಯ, ಜಪಾನಿನ ಕ್ಯಾಮೆರಾಗಳ ಬೆನ್ನಿಗೆ ಕೂರುವುದು ನನ್ನ ಪಾಲಿಗೆ ಬರೀ ಅಲಂಕಾರದ ಮಾತಲ್ಲ. ಕೈಕೆಲಸ ಬಲ್ಲ ಊರು, ಕೈಗೆ ಬೇಕಾದ ವಸ್ತು, ಎರಡೂ ಒಂದಕ್ಕೊಂದು ಹೊಂದುತ್ತವೆ. ಬಿಲ್ಲೆಗೆ ಮುಂಗಡ ಕೊಟ್ಟು ಬಂದಿದ್ದೇನೆ.

ಕೊಳ್ಳುವವರಿಗೆ, ಮಾಡಿಕೊಳ್ಳುವವರಿಗೆ ಕೆಲವು ಮಾತು ಹೇಳಬೇಕು. ಆನಿಕೆ ಗಾಡಿಯನ್ನು ಆಕ್ರಮಿಸುವುದರಿಂದ ಫ್ಲ್ಯಾಶ್ ಹಾಕುವಂತಿಲ್ಲ. 21 ಎಂಎಂನಂಥ ಅಗಲದ ಲೆನ್ಸಿಗೆ ಬೇರೆ ವ್ಯೂಫೈಂಡರ್ ಸಿಕ್ಕಿಸುವವರಿಗೂ ಜಾಗವಿಲ್ಲ. ಮದುವೆ ಫೋಟೋ ತೆಗೆಯುವವರಿಗೆ ಇದು ಹೊಂದುವುದು ಕಷ್ಟ. ಒಂದು ಮಾದರಿಗೆ ಮಾಡಿದ್ದು ಇನ್ನೊಂದಕ್ಕೆ ಬರುವುದಿಲ್ಲ, ಗುಂಡಿ ಚಕ್ರಗಳ ಜಾಗ ಬೇರೆ ಬೇರೆ. ಪಾದ ಸಡಿಲವಿದ್ದರೆ ಚೀಲದಿಂದ ತೆಗೆಯುವಾಗ ಕಳಚಿ ಬಿದ್ದೇ ಹೋಗುತ್ತದೆ. ಅತಿ ಬಿಗಿಯಿದ್ದರೆ ಗಾಡಿಯ ಬಣ್ಣ ಕೀಳುತ್ತದೆ. ಕ್ಯಾಮೆರಾವನ್ನು ಆನಿಕೆಯಿಂದಲೇ ತೂಗುಬಿಟ್ಟು ನಡೆಯಬೇಡಿ, ಗಾಡಿಯ ಸ್ಕ್ರೂಗಳು ಅಷ್ಟು ಭಾರಕ್ಕೆ ಮಾಡಿದವಲ್ಲ. ಮಣಿಕಟ್ಟಿಗೆ ಒಂದು ಪಟ್ಟಿ ಇರಲೇಬೇಕು. ರೀಲು ಕ್ಯಾಮೆರಾ ಇದ್ದವರಿಗೆ ಇದರ ಅಗತ್ಯವೇ ಇಲ್ಲ, ಲಿವರಿಗೆ ಅಡ್ಡವಾಗುತ್ತದೆ. 2022ರಲ್ಲಿ ಲೈಕಾ ತನ್ನ 1984ರ ಎಂ6 ರೀಲು ಕ್ಯಾಮೆರಾವನ್ನು ಮತ್ತೆ ಮಾರಾಟಕ್ಕೆ ತಂದಾಗ ಲಿವರೂ ಜೊತೆಗೇ ಬಂತು.

ಹೋದ ತಿಂಗಳು ಅಕ್ಕನ ಮಗಳು ರಜೆಗೆ ಊರಿಗೆ ಬಂದಿದ್ದಳು. ಹನ್ನೊಂದು ವರ್ಷ. ತೊಗರಿ ಹೊಲದಂಚಿನಲ್ಲಿ ಕ್ಯಾಮೆರಾ ಅವಳ ಕೈಗೆ ಕೊಟ್ಟೆ. ಕಣ್ಣಿಗೆ ಹಿಡಿದವಳು ಬಲಗೈಯನ್ನು ಮತ್ತೆ ಮತ್ತೆ ಸರಿಮಾಡಿಕೊಂಡಳು. ಅವಳ ಹೆಬ್ಬೆರಳು ನನ್ನ ತಗ್ಗಿನೊಳಗೆ ಅರ್ಧಕ್ಕೂ ತುಂಬದೆ ಜಾರುತ್ತಿತ್ತು.

"ಮಾಮಾ, ಇದು ನಿಂದು ಅದ. ನಂಗ ಬ್ಯಾರೆ ಮಾಡ್ಕೊಡು" ಅಂದಳು.

ಸಂಜೆ ಕಿರಾಣಿ ಅಂಗಡಿಯಿಂದ ಹೊಸ ಎಂ-ಸೀಲ್ ಪೊಟ್ಟಣ ತಂದೆ. ಉಳಿದಿದ್ದ ಹಿತ್ತಾಳೆ ಪಟ್ಟಿಯನ್ನು ಕಾಕಾ ಟ್ರಂಕಿನಿಂದ ತೆಗೆದರು. ಅವಳು ಕಟ್ಟೆಯ ಮೇಲೆ ಕೂತು, ಹೆಬ್ಬೆರಳನ್ನು ನೀರಿನ ಲೋಟದಲ್ಲಿ ಅದ್ದಿಕೊಂಡು, ನಾನು ಮುದ್ದೆ ನಾದಿ ಮುಗಿಸುವುದನ್ನೇ ಕಾಯುತ್ತಿದ್ದಳು.